ನಡೆ ನಿಂತರೆ ವ್ಯಾಧಿ ನಿಲ್ಲುವುದು: ಮಲೇರಿಯಾ ಪರೋಪಜೀವಿ ಮತ್ತು ಒಂದು ವಂಶವಾಹಿಯ ಕಥೆ

ಚಳಿಜ್ವರವು ನಮ್ಮ ನಾಡಿಗೆ ಹೊಸ ವ್ಯಾಧಿಯಲ್ಲ. ದಿನ ಬಿಟ್ಟು ದಿನ ಮೈಯನ್ನು ನಡುಗಿಸುವ ಚಳಿ, ಅದರ ಬೆನ್ನಿಗೇ ಏರುವ ತಾಪ, ಕೊನೆಗೆ ಬೆವರೊಡೆದು ಇಳಿಯುವ ಜ್ವರ, ಉಬ್ಬಿದ ಗುಲ್ಮ, ಬಿಳಿಚಿಕೊಂಡ ಮುಖ ಇವೆಲ್ಲವನ್ನೂ ಮಲೆನಾಡಿನ ಹಿರಿಯರು ಚೆನ್ನಾಗಿ ಬಲ್ಲರು. ಒಂದು ಕಾಲಕ್ಕೆ ಹಲವು ಊರುಗಳನ್ನೇ ಬರಿದುಮಾಡಿದ ರೋಗವಿದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದ ಮೇಲೆ ಅದರ ಹಾವಳಿ ಬಹುಮಟ್ಟಿಗೆ ತಗ್ಗಿತು. ಆದರೆ 1990ರ ದಶಕದಲ್ಲಿ ಮಂಗಳೂರು ನಗರದಲ್ಲಿ ಮತ್ತೆ ತಲೆಯೆತ್ತಿತು. ಇಂದು ಕರ್ನಾಟಕದಲ್ಲಿ ರೋಗಿಗಳ ಸಂಖ್ಯೆ ಬಹಳ ಕಡಿಮೆಯಾಗಿದೆ. 2030ರೊಳಗೆ ದೇಶದಿಂದಲೇ ಮಲೇರಿಯಾವನ್ನು ನಿರ್ಮೂಲಗೊಳಿಸಬೇಕೆಂಬುದು ಭಾರತ ಸರ್ಕಾರದ ಸಂಕಲ್ಪ.

ಜಗತ್ತಿನ ಚಿತ್ರ ಇಷ್ಟು ನೆಮ್ಮದಿಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 26.3 ಕೋಟಿ ಬಾರಿ ಜನ ಈ ರೋಗಕ್ಕೆ ತುತ್ತಾದರು, ಸುಮಾರು 5.97 ಲಕ್ಷ ಮಂದಿ ಪ್ರಾಣ ಕಳೆದುಕೊಂಡರು. ಮಡಿದವರಲ್ಲಿ ಹೆಚ್ಚಿನವರು ಆಫ್ರಿಕಾ ಖಂಡದ ಐದು ವರ್ಷದೊಳಗಿನ ಕಂದಮ್ಮಗಳು.

ಇಷ್ಟೆಲ್ಲ ಸಂಕಟಕ್ಕೆ ಕಾರಣವಾದುದು ಪ್ಲಾಸ್ಮೋಡಿಯಂ ಎಂಬ ಏಕಕೋಶ ಪರೋಪಜೀವಿ. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಮನುಷ್ಯನ ಚರ್ಮಕ್ಕೆ ಬಂದಿಳಿಯುವಾಗ ಈಜಲು ಒಂದು ಬಾಲವೂ ಇಲ್ಲ. ಆದರೂ ಅದು ಸೊಳ್ಳೆಯ ಹೊಟ್ಟೆಯಿಂದ ಲಾಲಾರಸ ಗ್ರಂಥಿಗೆ, ಅಲ್ಲಿಂದ ನಮ್ಮ ಚರ್ಮಕ್ಕೆ, ಚರ್ಮದಿಂದ ರಕ್ತನಾಳಕ್ಕೆ, ರಕ್ತನಾಳದಿಂದ ಯಕೃತ್ತಿಗೆ ತಪ್ಪದೆ ತಲುಪುತ್ತದೆ. ಈ ಪಯಣದ ಗುಟ್ಟೇನು? ಪರೋಪಜೀವಿಯ ಸಾವಿರಾರು ವಂಶವಾಹಿಗಳಲ್ಲಿ ಒಂದನ್ನು ಮಾತ್ರ ಮುರಿದರೆ ಈ ಪಯಣ ಏನಾಗುತ್ತದೆ? ಕಳೆದ ಮೂರು ದಶಕಗಳಲ್ಲಿ ವಿಜ್ಞಾನಿಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವು ನಮ್ಮ ಮನೆಯ ಸೊಳ್ಳೆಪರದೆಯವರೆಗೂ ಸಂಬಂಧವುಳ್ಳದ್ದು. ಆದಕಾರಣ ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಯೋಣ.

ಹೊಟ್ಟೆಯಿಂದ ಯಕೃತ್ತಿನವರೆಗೆ

ಮಲೇರಿಯಾ ರೋಗಿಯ ರಕ್ತವನ್ನು ಹೆಣ್ಣು ಅನಾಫಿಲಿಸ್ ಸೊಳ್ಳೆ ಹೀರಿದಾಗ ಪರೋಪಜೀವಿಯ ಗಂಡು ಹೆಣ್ಣು ರೂಪಗಳು ಅದರ ಹೊಟ್ಟೆ ಸೇರುತ್ತವೆ. ಅಲ್ಲಿ ಅವು ಕೂಡಿ, ಊಕಿನೀಟ್ ಎಂಬ ಚಲಿಸುವ ರೂಪ ಹುಟ್ಟುತ್ತದೆ. ಅದು ಸೊಳ್ಳೆಯ ಜಠರದ ಗೋಡೆಯನ್ನು ಭೇದಿಸಿ, ಹೊರಮೈಯಲ್ಲಿ ಗಂಟಿನಂತೆ ನೆಲೆಯೂರುತ್ತದೆ. ಆ ಗಂಟಿನೊಳಗೆ ಸಾವಿರಾರು ಸ್ಪೋರೊಜೊಯಿಟ್‌ಗಳು ರೂಪುಗೊಳ್ಳುತ್ತವೆ. ಗಂಟು ಒಡೆದಾಗ ಅವು ಸೊಳ್ಳೆಯ ದೇಹದ್ರವದಲ್ಲಿ ಹರಡಿ, ಲಾಲಾರಸ ಗ್ರಂಥಿಯನ್ನು ಹೊಕ್ಕು ಕಾದು ಕುಳಿತುಕೊಳ್ಳುತ್ತವೆ. ಹವೆಯ ಉಷ್ಣತೆಯನ್ನು ಅನುಸರಿಸಿ ಇದಕ್ಕೆಲ್ಲ ಸುಮಾರು ಎರಡು ವಾರ ಬೇಕು.

ಈ ಕಥೆಯ ಮೊದಲ ಅಧ್ಯಾಯಗಳು ನಮ್ಮ ನೆಲದಲ್ಲಿಯೇ ಬರೆಯಲ್ಪಟ್ಟವು. ಅಲ್ಮೋರಾದಲ್ಲಿ ಜನಿಸಿದ ಬ್ರಿಟಿಷ್ ಸೇನಾವೈದ್ಯ ರೊನಾಲ್ಡ್ ರಾಸ್ ಅವರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯ ಮೇಲೆ ಆ ಗಂಟುಗಳನ್ನು ಕಂಡರು. ಮರುವರ್ಷ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾವನ್ನು ಅಧ್ಯಯನ ಮಾಡುತ್ತ, ಪರೋಪಜೀವಿಯು ಸೊಳ್ಳೆಯ ಲಾಲಾರಸ ಗ್ರಂಥಿಯವರೆಗೆ ಸಾಗುವುದನ್ನು ತೋರಿಸಿಕೊಟ್ಟರು. ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಸೊಳ್ಳೆಯೆಂದು ಸಿದ್ಧಪಡಿಸಿದರು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಸೊಳ್ಳೆ ಕಚ್ಚಿದಾಗ ಸ್ಪೋರೊಜೊಯಿಟ್‌ಗಳು ನೇರವಾಗಿ ರಕ್ತಕ್ಕೆ ಬೀಳುತ್ತವೆಂದು ಬಹುಕಾಲ ಭಾವಿಸಲಾಗಿತ್ತು. ಹಾಗಲ್ಲ. ಅವುಗಳಲ್ಲಿ ಹೆಚ್ಚಿನವು ಚರ್ಮದಲ್ಲಿ ಬೀಳುತ್ತವೆ. ಒಂದು ಕಡಿತದಲ್ಲಿ ಇಳಿಯುವುದು ಸಾಮಾನ್ಯವಾಗಿ ಕೆಲವು ಹತ್ತುಗಳಷ್ಟು ಮಾತ್ರ. ಅವು ಚರ್ಮದ ಕೋಶಗಳ ನಡುವೆ ನುಸುಳಿಕೊಂಡು ರಕ್ತನಾಳವನ್ನು ಹುಡುಕಿ ಒಳಹೊಗಬೇಕು. ಸ್ಪೋರೊಜೊಯಿಟ್‌ನ ಉದ್ದ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಅದು ಸೆಕೆಂಡಿಗೆ ಒಂದೆರಡು ಮೈಕ್ರೋಮೀಟರಿನಂತೆ, ಎಂದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ತನ್ನ ಮೈಯುದ್ದದಷ್ಟು ದೂರವನ್ನು ಸಾಗುತ್ತದೆ. ಕೇಳಲು ಇದು ಅಲ್ಪವೆನಿಸಬಹುದು. ಆದರೆ ಅದನ್ನು ಹಿಡಿಯಲು ಬರುವ ನಮ್ಮ ದೇಹದ ರಕ್ಷಣಾ ಕೋಶಗಳಿಗಿಂತ ಇದು ಹಲವು ಪಟ್ಟು ಹೆಚ್ಚಿನ ವೇಗ. ಕಾವಲುಗಾರ ಎಚ್ಚೆತ್ತು ಬರುವಷ್ಟರಲ್ಲಿ ಕಳ್ಳ ಓಣಿಯನ್ನು ದಾಟಿರುತ್ತಾನೆ.

ಯಕೃತ್ತನ್ನು ತಲುಪಿದ ಒಂದೊಂದು ಸ್ಪೋರೊಜೊಯಿಟ್ ಒಂದು ಕೋಶವನ್ನು ಹೊಕ್ಕು, ಒಂದು ವಾರದ ಆಸುಪಾಸಿನಲ್ಲಿ ಸಾವಿರಾರು ಮರಿಗಳಾಗಿ ಹೊರಬೀಳುತ್ತದೆ. ಅವು ಕೆಂಪು ರಕ್ತಕಣಗಳನ್ನು ಮುತ್ತಿದಾಗಲೇ ಜ್ವರ ಕಾಣಿಸಿಕೊಳ್ಳುವುದು. ಅಲ್ಲಿಯವರೆಗೆ ರೋಗಿಗೆ ಏನೊಂದೂ ತಿಳಿಯದು.

‘ಅನಾಮಿಕ’ವೆಂಬ ಹೆಸರಿನ ಪ್ರೋಟೀನ್

1988ರಲ್ಲಿ ಆಕ್ಸ್‌ಫರ್ಡಿನ ಕ್ಯಾಥರಿನ್ ರಾಬ್ಸನ್ ಮತ್ತು ಸಹೋದ್ಯೋಗಿಗಳು ಮನುಷ್ಯರ ಮಲೇರಿಯಾ ಪರೋಪಜೀವಿಯಲ್ಲಿ ಒಂದು ಹೊಸ ಪ್ರೋಟೀನನ್ನು ವರ್ಣಿಸಿದರು. ಅದರ ಒಂದು ಭಾಗವು ನಮ್ಮ ರಕ್ತದಲ್ಲಿರುವ ಥ್ರಾಂಬೋಸ್ಪಾಂಡಿನ್ ಎಂಬ ಅಂಟುಗುಣದ ಪ್ರೋಟೀನನ್ನು ಹೋಲುತ್ತಿತ್ತು. ಅದರ ಕೆಲಸವೇನೆಂದು ಆಗ ತಿಳಿದಿರಲಿಲ್ಲ. ಅದಕ್ಕೆ ಬಂದ ಹೆಸರು ‘ಥ್ರಾಂಬೋಸ್ಪಾಂಡಿನ್ ಸಂಬಂಧಿ ಅನಾಮಿಕ ಪ್ರೋಟೀನ್’. ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ಹೇಳುವುದಾದರೆ ‘ಟ್ರ್ಯಾಪ್’. ಹೆಸರಿಲ್ಲದುದೇ ಹೆಸರಾದ ಈ ಪ್ರೋಟೀನ್ ಮುಂದೆ ಪರೋಪಜೀವಿಯ ನಡೆಯ ಕೀಲಿಕೈ ಎಂದು ತಿಳಿದುಬಂತು.

ಒಂದು ಪ್ರೋಟೀನಿನ ಕಾರ್ಯವನ್ನು ಅರಿಯಲು ಖಚಿತವಾದ ದಾರಿಯೆಂದರೆ, ಅದನ್ನು ತಯಾರಿಸುವ ವಂಶವಾಹಿಯನ್ನು ಮುರಿದು, ಅದಿಲ್ಲದ ಜೀವಿಗೆ ಯಾವ ಕೆಲಸ ಕೈಲಾಗದೆಂದು ನೋಡುವುದು. ಯಂತ್ರದಿಂದ ಒಂದು ಹಲ್ಲುಚಕ್ರವನ್ನು ತೆಗೆದು, ಏನು ನಿಂತಿತೆಂದು ಪರೀಕ್ಷಿಸಿದಂತೆ. ಮಲೇರಿಯಾ ಪರೋಪಜೀವಿಯ ವಿಷಯದಲ್ಲಿ ಇದು ಬಹುಕಾಲ ಅಸಾಧ್ಯವಾಗಿತ್ತು. 1990ರ ದಶಕದ ನಡುವಿನಲ್ಲಿ ನೆದರ್ಲೆಂಡ್ಸ್‌ನ ಲೈಡನ್ ನಗರದ ವಿಜ್ಞಾನಿಗಳು ಇಲಿ ಜಾತಿಯ ಪ್ರಾಣಿಗಳ ಮಲೇರಿಯಾ ಪರೋಪಜೀವಿಯಾದ ಪ್ಲಾಸ್ಮೋಡಿಯಂ ಬರ್ಘೈನಲ್ಲಿ ವಂಶವಾಹಿಗಳನ್ನು ಸ್ಥಿರವಾಗಿ ಬದಲಾಯಿಸುವ ಕ್ರಮವನ್ನು ಸಾಧಿಸಿದರು. 1948ರಲ್ಲಿ ಆಫ್ರಿಕಾದ ಕಾಂಗೋ ಪ್ರದೇಶದಲ್ಲಿ ಮೊದಲು ಪತ್ತೆಯಾದ ಈ ಪರೋಪಜೀವಿ ಮನುಷ್ಯರಿಗೆ ರೋಗ ತರದು. ಆದರೆ ಅದರ ಜೀವನಚಕ್ರ ಮನುಷ್ಯರ ಮಲೇರಿಯಾವನ್ನು ಬಹಳ ಮಟ್ಟಿಗೆ ಹೋಲುತ್ತದೆ.

ಇಲ್ಲಿ ಇನ್ನೊಂದು ಅನುಕೂಲವೂ ಇದೆ. ನಮ್ಮ ದೇಹದ ಕೋಶಗಳಲ್ಲಿ ಪ್ರತಿಯೊಂದು ವಂಶವಾಹಿಗೂ ಸಾಮಾನ್ಯವಾಗಿ ಎರಡು ಪ್ರತಿಗಳಿರುತ್ತವೆ. ರಕ್ತದಲ್ಲಿ ಬೆಳೆಯುವ ಮಲೇರಿಯಾ ಪರೋಪಜೀವಿಯಲ್ಲಿ ಇರುವುದು ಒಂದೇ ಪ್ರತಿ. ಅದನ್ನು ಮುರಿದರೆ ಕೈಹಿಡಿಯಲು ಮತ್ತೊಂದು ಇರುವುದಿಲ್ಲ.

1997ರ ಪ್ರಯೋಗ

ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಅಲಿ ಸುಲ್ತಾನ್, ರಾಬರ್ಟ್ ಮೆನಾರ್, ರುತ್ ಮತ್ತು ವಿಕ್ಟರ್ ನುಸೆನ್ಜ್‌ವೈಗ್ ಮೊದಲಾದವರು ಈ ಕ್ರಮದಿಂದ ಪ್ಲಾಸ್ಮೋಡಿಯಂ ಬರ್ಘೈನ ಟ್ರ್ಯಾಪ್ ವಂಶವಾಹಿಯನ್ನು ಮುರಿದರು. ಔಷಧವೊಂದನ್ನು ಎದುರಿಸುವ ಶಕ್ತಿ ಕೊಡುವ ವಂಶವಾಹಿಯನ್ನು ಪರೋಪಜೀವಿಯೊಳಗೆ ಸೇರಿಸಿ, ಬಳಿಕ ಆ ಔಷಧವನ್ನು ಪ್ರಯೋಗಿಸಿದರೆ ಬದಲಾವಣೆಗೊಂಡ ಜೀವಿಗಳು ಮಾತ್ರ ಉಳಿಯುತ್ತವೆ. ಹಾಗೆ ಆರಿಸಿದ ಪರೋಪಜೀವಿಗಳ ಮುಂದಿನ ಪಯಣವನ್ನು ಅವರು ಹೆಜ್ಜೆಹೆಜ್ಜೆಗೂ ಗಮನಿಸಿದರು. 1997ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು.

ರಕ್ತದಲ್ಲಿ ಅವು ಎಂದಿನಂತೆಯೇ ಬೆಳೆದವು. ಸೊಳ್ಳೆಯ ಹೊಟ್ಟೆ ಸೇರಿ ಗಂಟುಗಳನ್ನೂ ಕಟ್ಟಿದವು. ಗಂಟಿನೊಳಗೆ ಸ್ಪೋರೊಜೊಯಿಟ್‌ಗಳು ಎಂದಿನ ಸಂಖ್ಯೆಯಲ್ಲಿ, ಎಂದಿನ ಆಕಾರದಲ್ಲಿ ಹುಟ್ಟಿದವು. ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಅವುಗಳ ಮೈಕಟ್ಟಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಅವು ಮುಂದೆ ಸಾಗಲಿಲ್ಲ. ಗಾಜಿನ ಮೇಲೆ ಬಿಟ್ಟಾಗ ಸಹಜ ಸ್ಪೋರೊಜೊಯಿಟ್‌ಗಳು ವೃತ್ತಾಕಾರವಾಗಿ ಜಾರುತ್ತ ಸುತ್ತುತ್ತವೆ. ಇವು ಆ ನಡೆಯನ್ನು ಕಳೆದುಕೊಂಡಿದ್ದವು. ಸೊಳ್ಳೆಯ ಲಾಲಾರಸ ಗ್ರಂಥಿಯನ್ನು ಹೊಗಲಾರದೆ ಹೊರಗೇ ಉಳಿದವು. ಅವನ್ನು ಸೊಳ್ಳೆಯಿಂದ ಹೊರತೆಗೆದು ಇಲಿಗಳಿಗೆ ಚುಚ್ಚಿದಾಗಲೂ ಯಕೃತ್ತನ್ನು ಸೋಂಕುವ ಶಕ್ತಿ ಬಹುತೇಕ ಇಲ್ಲವಾಗಿತ್ತು.

ಇದರ ಅರ್ಥವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪರೋಪಜೀವಿ ಸತ್ತಿರಲಿಲ್ಲ, ಸಂಖ್ಯೆಯಲ್ಲಿ ಕುಗ್ಗಿರಲಿಲ್ಲ. ಅದು ಕಳೆದುಕೊಂಡದ್ದು ನಡೆಯನ್ನು ಮಾತ್ರ. ನಡೆಯನ್ನು ಕಳೆದುಕೊಂಡೊಡನೆ ಸೋಂಕುವ ಶಕ್ತಿಯೂ ಹೋಯಿತು. ಎಂದರೆ ಇದು ಹರಿವ ನೀರಿನಲ್ಲಿ ತೇಲುವ ಕಸದಂತೆ ದೇಹದೊಳಗೆ ಕೊಚ್ಚಿಕೊಂಡು ಬರುವ ಸೋಂಕಲ್ಲ. ತನ್ನ ಬಲದಿಂದ ನಡೆದು ಬಾಗಿಲು ತೆರೆದುಕೊಂಡು ಒಳನುಗ್ಗುವ ಸೋಂಕು. ನಡೆ ಮತ್ತು ನುಗ್ಗುವಿಕೆ ಎರಡಕ್ಕೂ ಒಂದೇ ಪ್ರೋಟೀನ್ ಆಧಾರವಾಗಿದೆ.

ಎರಡು ವರ್ಷಗಳ ಬಳಿಕ ಇದಕ್ಕೆ ಪೂರಕವಾದ ಇನ್ನೊಂದು ಸಂಗತಿ ಹೊರಬಂತು. ಸೊಳ್ಳೆಯ ಜಠರವನ್ನು ಭೇದಿಸುವ ಊಕಿನೀಟ್ ರೂಪದಲ್ಲಿ ಟ್ರ್ಯಾಪ್‌ನ ಬಂಧುವಾದ ಸಿಟಿಆರ್‌ಪಿ ಎಂಬ ಪ್ರೋಟೀನ್ ಇದೆ. 1999ರಲ್ಲಿ ಬ್ರಿಟನ್ನಿನ ಮತ್ತು ಜಪಾನಿನ ಸಂಶೋಧಕರು ಅದರ ವಂಶವಾಹಿಯನ್ನು ಬೇರೆಬೇರೆಯಾಗಿ ಮುರಿದು ನೋಡಿದರು. ಊಕಿನೀಟ್‌ಗಳು ಹುಟ್ಟಿದವು, ನೋಡಲು ಸರಿಯಾಗಿಯೇ ಇದ್ದವು. ಆದರೆ ಜಠರದ ಗೋಡೆಯನ್ನು ದಾಟಲಾರದೆ ಅಲ್ಲಿಯೇ ಅಳಿದವು. ಗಂಟುಗಳೇ ಕಟ್ಟಲಿಲ್ಲ. ಪಯಣದ ಒಂದೊಂದು ಘಟ್ಟಕ್ಕೂ ಪರೋಪಜೀವಿ ಒಂದೊಂದು ಪ್ರೋಟೀನನ್ನು ಇಟ್ಟುಕೊಂಡಿದೆ; ಆ ಪ್ರೋಟೀನ್ ಇಲ್ಲದಿದ್ದರೆ ಆ ಘಟ್ಟದಲ್ಲೇ ಅದು ನಿಲ್ಲುತ್ತದೆ.

ಕಾಲಿಲ್ಲದೆ ನಡೆಯುವ ಬಗೆ

ಟ್ರ್ಯಾಪ್ ಪ್ರೋಟೀನ್ ಪರೋಪಜೀವಿಯ ಹೊರಪೊರೆಯಲ್ಲಿ ನಾಟಿಕೊಂಡಿರುತ್ತದೆ. ಅದರ ತಲೆ ಹೊರಗೆ ಚಾಚಿದೆ, ಬಾಲ ಒಳಗೆ ಉಳಿದಿದೆ. ತಲೆಯಲ್ಲಿ ಅಂಟುಗುಣದ ಭಾಗಗಳಿದ್ದು, ಅವು ಎದುರಿನ ಕೋಶದ ಮೇಲ್ಮೈಯನ್ನು ಹಿಡಿಯುತ್ತವೆ. ಒಳಗಿನ ಬಾಲವು ಪೊರೆಯ ಕೆಳಗಿರುವ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಚಾಲಕ ವ್ಯವಸ್ಥೆಗೆ ಸಂಬಂಧಿಸಿದೆ. ನಮ್ಮ ಸ್ನಾಯುಗಳು ಸಂಕುಚಿಸುವುದೂ ಇದೇ ಜಾತಿಯ ಪ್ರೋಟೀನುಗಳಿಂದಲೇ. ಚಾಲಕವು ಟ್ರ್ಯಾಪನ್ನು ಮುಂದಿನಿಂದ ಹಿಂದಕ್ಕೆ ಎಳೆಯುತ್ತದೆ. ತಲೆ ಹೊರಗಿನ ನೆಲೆಯನ್ನು ಬಿಗಿಯಾಗಿ ಹಿಡಿದಿರುವುದರಿಂದ ಪರೋಪಜೀವಿಯ ಮೈ ಮುಂದಕ್ಕೆ ಜಾರುತ್ತದೆ. ದೋಣಿಯಲ್ಲಿ ಕುಳಿತವನು ದಡಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ತನ್ನತ್ತ ಎಳೆದರೆ ದೋಣಿಯೇ ದಡದತ್ತ ಸಾಗುವಂತೆ.

ಬಾಲದ ಮಹತ್ವವನ್ನೂ ಪ್ರಯೋಗವೇ ತೋರಿಸಿತು. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಟ್ರ್ಯಾಪ್‌ನ ಬಾಲವನ್ನು ಮೊಟಕುಗೊಳಿಸಿದಾಗ ಪರೋಪಜೀವಿಯ ನಡೆ ಕೆಟ್ಟಿತು. ಬೇರೊಂದು ಪರೋಪಜೀವಿಯಾದ ಟಾಕ್ಸೊಪ್ಲಾಸ್ಮಾದ ಇಂಥದೇ ಪ್ರೋಟೀನಿನ ಬಾಲವನ್ನು ಅಲ್ಲಿ ಜೋಡಿಸಿದಾಗ ನಡೆ ಮರಳಿತು. ಈ ಎರಡು ಜೀವಿಗಳ ಹಾದಿ ಬಹು ಹಿಂದೆಯೇ ಕವಲೊಡೆದರೂ ಅವು ಒಂದೇ ಬಗೆಯ ಯಂತ್ರವನ್ನು ಉಳಿಸಿಕೊಂಡು ಬಂದಿವೆಯೆಂಬುದು ಇದರಿಂದ ತಿಳಿದುಬಂತು.

ಮುಂದೆ ಜರ್ಮನಿಯ ಹೈಡಲ್‌ಬರ್ಗಿನ ವಿಜ್ಞಾನಿಗಳು ಟ್ರ್ಯಾಪ್ ಇಲ್ಲದ ಸ್ಪೋರೊಜೊಯಿಟ್‌ಗಳನ್ನು ಇನ್ನೂ ಸೂಕ್ಷ್ಮವಾಗಿ ಅವಲೋಕಿಸಿದಾಗ, ಅವುಗಳಲ್ಲಿ ಕೆಲವು ಒಂದೇ ಬಿಂದುವಿಗೆ ಅಂಟಿಕೊಂಡು ಹಿಂದಕ್ಕೂ ಮುಂದಕ್ಕೂ ತುಯ್ಯುವುದು ಕಂಡಿತು. ಮುಂದಕ್ಕೆ ಸಾಗಬೇಕಾದರೆ ಹೊಸ ಹಿಡಿತ ಸಿಗಬೇಕು, ಹಳೆಯ ಹಿಡಿತ ಸಕಾಲಕ್ಕೆ ಸಡಿಲಬೇಕು. ಟ್ರ್ಯಾಪ್ ಇಲ್ಲದಿದ್ದರೆ ಆ ಹದ ತಪ್ಪುತ್ತದೆ.

ಯಾವ ವಂಶವಾಹಿಯನ್ನು ಮುರಿಯಬೇಕು?

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಹುಟ್ಟುತ್ತದೆ. ನಡೆಯಲಾರದ ಈ ಪರೋಪಜೀವಿಯನ್ನೇ ಲಸಿಕೆಯಾಗಿ ಕೊಡಬಾರದೇಕೆ? ಉತ್ತರ ಕುತೂಹಲಕರವಾಗಿದೆ. ಯಕೃತ್ತನ್ನೇ ತಲುಪದ ಪರೋಪಜೀವಿ ಅಲ್ಲಿನ ರಕ್ಷಣಾ ವ್ಯವಸ್ಥೆಗೆ ಪಾಠ ಕಲಿಸಲಾರದು. ಲಸಿಕೆಗೆ ಬೇಕಾದುದು ನಡೆದು ಯಕೃತ್ತನ್ನು ಸೇರಿ, ಅಲ್ಲಿ ತನ್ನ ಗುರುತನ್ನು ತೋರಿಸಿ, ಆದರೆ ರಕ್ತಕ್ಕೆ ಇಳಿಯುವ ಮೊದಲೇ ನಿಲ್ಲುವ ಪರೋಪಜೀವಿ.

ಈ ದಾರಿಯ ಮೊದಲ ಹೆಜ್ಜೆಯನ್ನು ರುತ್ ನುಸೆನ್ಜ್‌ವೈಗ್ ಅವರೇ 1967ರಲ್ಲಿ ಇಟ್ಟಿದ್ದರು. ವಿಕಿರಣದಿಂದ ದುರ್ಬಲಗೊಳಿಸಿದ ಸ್ಪೋರೊಜೊಯಿಟ್‌ಗಳನ್ನು ಇಲಿಗಳಿಗೆ ಚುಚ್ಚಿದರೆ ಅವುಗಳಿಗೆ ಮುಂದಿನ ಸೋಂಕಿನಿಂದ ರಕ್ಷಣೆ ಸಿಗುವುದೆಂದು ಅವರು ತೋರಿಸಿದರು. ವಿಕಿರಣವು ಎಲ್ಲಿ ಯಾವ ಪೆಟ್ಟು ಕೊಡುವುದೆಂದು ಹೇಳಬರುವುದಿಲ್ಲ. ವಂಶವಾಹಿಯನ್ನು ಆರಿಸಿ ಮುರಿದರೆ ಪೆಟ್ಟು ನಿರ್ದಿಷ್ಟವಾಗಿರುತ್ತದೆ. 2024ರಲ್ಲಿ ಲೈಡನ್ನಿನ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಸ್ವಯಂಸೇವಕರು ಇಂಥ ಪರೋಪಜೀವಿಗಳುಳ್ಳ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಯಕೃತ್ತಿನಲ್ಲಿ ಸುಮಾರು ಒಂದು ದಿನ ಮಾತ್ರ ಬೆಳೆದು ನಿಲ್ಲುವ ಪರೋಪಜೀವಿಯನ್ನು ಪಡೆದ ಎಂಟು ಮಂದಿಯಲ್ಲಿ ಒಬ್ಬರಿಗೆ ಮಾತ್ರ ರಕ್ಷಣೆ ದೊರೆಯಿತು. ಸುಮಾರು ಆರು ದಿನ ಬೆಳೆದು ಬಳಿಕ ನಿಲ್ಲುವ ಪರೋಪಜೀವಿಯನ್ನು ಪಡೆದ ಒಂಬತ್ತು ಮಂದಿಯಲ್ಲಿ ಎಂಟು ಮಂದಿಗೆ ರಕ್ಷಣೆ ದೊರೆಯಿತು. ಪಯಣವನ್ನು ಎಲ್ಲಿ ನಿಲ್ಲಿಸುತ್ತೇವೆಂಬುದು ಎಷ್ಟು ಮುಖ್ಯವೆಂಬುದಕ್ಕೆ ಇದೇ ನಿದರ್ಶನ. ಇದು ಕೆಲವೇ ಜನರ ಮೇಲೆ ನಡೆದ ಆರಂಭಿಕ ಪ್ರಯೋಗ. ಇದನ್ನು ಲಸಿಕೆಯಾಗಿ ಎಲ್ಲರಿಗೂ ತಲುಪಿಸಲು ಇನ್ನೂ ಬಹಳ ಕೆಲಸ ಬಾಕಿಯಿದೆ.

ಈಗಾಗಲೇ ಬಳಕೆಗೆ ಬಂದಿರುವ ಲಸಿಕೆಗಳು ಎರಡು. ವಿಶ್ವ ಆರೋಗ್ಯ ಸಂಸ್ಥೆಯು ಆರ್‌ಟಿಎಸ್‌ಎಸ್ ಲಸಿಕೆಯನ್ನು 2021ರಲ್ಲಿ, ಆರ್21 ಲಸಿಕೆಯನ್ನು 2023ರಲ್ಲಿ ಶಿಫಾರಸು ಮಾಡಿತು. ಎರಡನೆಯದನ್ನು ತಯಾರಿಸುತ್ತಿರುವುದು ಪುಣೆಯ ಸೀರಂ ಇನ್ಸ್ಟಿಟ್ಯೂಟ್ ಸಂಸ್ಥೆ. ಎರಡೂ ಲಸಿಕೆಗಳು ಸ್ಪೋರೊಜೊಯಿಟ್‌ನ ಮೈಯನ್ನು ಹೊದ್ದಿರುವ ಇನ್ನೊಂದು ಪ್ರೋಟೀನನ್ನು ಗುರಿಯಾಗಿಸಿ, ಅದು ಯಕೃತ್ತನ್ನು ಸೇರುವ ಮೊದಲೇ ತಡೆಯಲು ಯತ್ನಿಸುತ್ತವೆ. ಇವು ಫಾಲ್ಸಿಪಾರಂ ಜಾತಿಯ ಮಲೇರಿಯಾಕ್ಕೆ ಎದುರಾಗಿ, ಮುಖ್ಯವಾಗಿ ಆಫ್ರಿಕಾದ ಮಕ್ಕಳಿಗಾಗಿ ರೂಪುಗೊಂಡವು. ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಜಾತಿಯ ಮಲೇರಿಯಾ. ಆದ್ದರಿಂದ ಲಸಿಕೆ ಬಂದಿತೆಂದು ನಾವು ಮೈಮರೆಯುವಂತಿಲ್ಲ.

ನಮ್ಮ ಕೈಯಲ್ಲಿರುವ ತಡೆಗಳು

ಪ್ರಯೋಗಶಾಲೆಯಲ್ಲಿ ವಿಜ್ಞಾನಿ ವಂಶವಾಹಿಯನ್ನು ಮುರಿದು ಪರೋಪಜೀವಿಯ ದಾರಿಯನ್ನು ಕಟ್ಟುತ್ತಾನೆ. ಅದೇ ದಾರಿಯನ್ನು ಗೃಹಸ್ಥರಾದ ನಾವು ಬೇರೆ ಘಟ್ಟಗಳಲ್ಲಿ ಕಟ್ಟಬಹುದು.

ಮೊದಲನೆಯದು ಸೊಳ್ಳೆಯ ಹುಟ್ಟು. 1883ರಲ್ಲಿ ಬೆಂಗಳೂರಿನಲ್ಲಿ ಸೇನಾವೈದ್ಯರಾಗಿದ್ದ ರೊನಾಲ್ಡ್ ರಾಸ್ ಅವರು, ನಿಂತ ನೀರು ಸೊಳ್ಳೆಗಳಿಗೆ ಸಿಗದಂತೆ ಮಾಡಿದರೆ ಅವುಗಳ ಕಾಟ ತಗ್ಗುವುದೆಂದು ಗಮನಿಸಿದ್ದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಆಗ ಸಿದ್ಧವಾಗಿರಲಿಲ್ಲ. ಆ ಮಾತು ಇಂದಿಗೂ ಅಷ್ಟೇ ಸತ್ಯ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮುಚ್ಚದ ತೊಟ್ಟಿ, ಮೇಲ್ಛಾವಣಿಯ ಟ್ಯಾಂಕು, ಬಾವಿ, ಕಟ್ಟಡ ಕಾಮಗಾರಿಯ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಬೇಸಗೆಯ ಉಷ್ಣತೆಯಲ್ಲಿ ಒಂದು ವಾರಕ್ಕಿಂತ ತುಸು ಹೆಚ್ಚು ಸಾಕು. ಆದಕಾರಣ ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದುಮಾಡಿ, ಉಜ್ಜಿ ತೊಳೆದು, ಒಣಗಿಸಿ ತುಂಬುವ ರೂಢಿಯನ್ನು ಪ್ರತಿಯೊಂದು ಮನೆಯೂ ಬೆಳೆಸಿಕೊಳ್ಳಬೇಕು. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ.

ಎರಡನೆಯದು ಕಡಿತ. ಅನಾಫಿಲಿಸ್ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಸೊಳ್ಳೆಪರದೆಯೊಳಗೆ ಮಲಗುವುದು ಸುಲಭವಾದ, ನಂಬಿಕೆಗೆ ಅರ್ಹವಾದ ತಡೆ. ಇಲ್ಲಿ ಒಂದು ಮಾತನ್ನು ಹಲವರು ಮರೆಯುತ್ತಾರೆ: ಪರದೆ ಆರೋಗ್ಯವಂತನಿಗೆ ಎಷ್ಟು ಬೇಕೋ ರೋಗಿಗೂ ಅಷ್ಟೇ ಬೇಕು. ರೋಗಿಯನ್ನು ಕಚ್ಚಿದ ಸೊಳ್ಳೆ ಎರಡು ವಾರಗಳಲ್ಲಿ ಮನೆಯ ಇತರರಿಗೆ, ನೆರೆಮನೆಯ ಮಗುವಿಗೆ ರೋಗವನ್ನು ಒಯ್ಯಬಲ್ಲದು.

ಮೂರನೆಯದು ಚಿಕಿತ್ಸೆ. ಚಳಿ ಸಹಿತ ಜ್ವರ ಬಂದೊಡನೆ ರಕ್ತಪರೀಕ್ಷೆ ಮಾಡಿಸಬೇಕು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಜ್ವರ ಇಳಿದೊಡನೆ ಮಾತ್ರೆಯನ್ನು ನಿಲ್ಲಿಸುವುದು ಅಪಾಯ. ವೈವಾಕ್ಸ್ ಪರೋಪಜೀವಿಯ ಕೆಲವು ರೂಪಗಳು ಯಕೃತ್ತಿನಲ್ಲಿ ನಿದ್ರಿಸುತ್ತ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದು ಮತ್ತೆ ಜ್ವರವನ್ನು ತರುತ್ತವೆ. ಅವನ್ನು ಅಳಿಸಲು ವೈದ್ಯರು ಪ್ರೈಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನಗಳ ಕಾಲ ಕೊಡುತ್ತಾರೆ. ಒಂದು ದಿನವೂ ತಪ್ಪಬಾರದು. ಗರ್ಭಿಣಿಯರಿಗೆ ಮತ್ತು ಹಸುಗೂಸುಗಳಿಗೆ ಈ ಮಾತ್ರೆ ಸಲ್ಲದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಇದು ರಕ್ತಕಣಗಳನ್ನು ಒಡೆಯಬಹುದು. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ತಾವಾಗಿ ಇದನ್ನು ಸೇವಿಸಕೂಡದು. ಮಾತ್ರೆ ಸೇವಿಸುವಾಗ ಮೂತ್ರವು ಕಪ್ಪಾದರೆ ಅಥವಾ ಕಣ್ಣು ಹಳದಿಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮಲೇರಿಯಾ ರೋಗಿಗೆ ಪ್ರಜ್ಞೆ ಮಂಕಾದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಟ್ರ್ಯಾಪ್ ಕಳೆದುಕೊಂಡ ಸ್ಪೋರೊಜೊಯಿಟ್ ಸಾವಿರಾರು ಸಂಖ್ಯೆಯಲ್ಲಿ ಸೊಳ್ಳೆಯೊಳಗೆ ಹುಟ್ಟಿಯೂ ಯಾರಿಗೂ ಕೇಡು ಮಾಡಲಾರದೆ ಅಲ್ಲಿಯೇ ಅಳಿಯುತ್ತದೆ. ಹೊರಗಿನ ಜಗತ್ತಿನ ಪರೋಪಜೀವಿಗಳಿಗೆ ಆ ಪ್ರೋಟೀನ್ ಇನ್ನೂ ಇದೆ, ಅವು ನಡೆಯಬಲ್ಲವು. ಆದರೆ ಅವುಗಳ ದಾರಿ ಉದ್ದವಾದುದು, ಅದರ ಪ್ರತಿಯೊಂದು ಘಟ್ಟವೂ ತಡೆಗೆ ಒಳಪಡುವಂಥದು. ಮುಚ್ಚಿದ ತೊಟ್ಟಿ, ಕಟ್ಟಿದ ಪರದೆ, ಪೂರ್ಣಗೊಳಿಸಿದ ಹದಿನಾಲ್ಕು ದಿನಗಳ ಔಷಧ ಇವು ಆ ದಾರಿಯಲ್ಲಿ ನಾವು ಹಾಕುವ ಬೇಲಿಗಳು. ಈ ಮಳೆಗಾಲಕ್ಕೆ ಮುನ್ನ ನಮ್ಮ ಮನೆಯ ತೊಟ್ಟಿಯಿಂದಲೇ ಆ ಕೆಲಸವನ್ನು ಆರಂಭಿಸೋಣ.